ಕೊಳೆತ ಸೇಬಿನ ಲೆಕ್ಕ

ಮೈಸೂರಿನ ಎಷ್ಟೋ ಮನೆಗಳಲ್ಲಿ ಸಂಜೆ ಕಾಫಿ ಜೊತೆ 'ಸ್ಟಾರ್ ಆಫ್ ಮೈಸೂರ್' ಇರಲೇಬೇಕು. 1978ರಿಂದ ಬರ್ತಿರೋ ಇಂಗ್ಲಿಷ್ ಪತ್ರಿಕೆ. ಯಾವ ರಸ್ತೆ ಅಗೆದಿದ್ದಾರೆ, ಎಲ್ಲಿ ನೀರು ಬಂದಿಲ್ಲ ಅನ್ನೋದಕ್ಕೆಲ್ಲ ನಾನೂ ಅದನ್ನೇ ನೋಡೋದು. ಅದಕ್ಕೇ 2020ರ ಏಪ್ರಿಲ್ 6ರ ಅದರ ಸಂಪಾದಕೀಯ ಇನ್ನೂ ಚುಚ್ಚುತ್ತೆ. ದಿಲ್ಲಿಯ ಯಾವುದೋ ಆ್ಯಂಕರ್ ಕಿರುಚಿದ್ದರೆ ಚಾನೆಲ್ ಬದಲಾಯಿಸಬಹುದಿತ್ತು. ಇದು ಮನೆ ಪೇಪರ್ ಕಣ್ರೀ.

ಬುಟ್ಟಿಯಲ್ಲಿ ಕೊಳೆತ ಸೇಬುಗಳಿವೆ, ದೇಶದ ಶೇ 18ರಷ್ಟು ಜನ ಅಂಥವರು, ಅವರನ್ನು ತೊಲಗಿಸೋದೇ ಸರಿಯಾದ ಪರಿಹಾರ ಅನ್ನೋದು ಬರಹದ ಧಾಟಿ. ತಬ್ಲೀಗಿ ಜಮಾತ್ ಸುದ್ದಿ ಹೊತ್ತಿ ಉರಿಯುತ್ತಿದ್ದ ವಾರ. ಯಾರ ಬಗ್ಗೆ ಅಂತ ಬಿಡಿಸಿ ಹೇಳಬೇಕಿರಲಿಲ್ಲ. (2011ರ ಜನಗಣತಿ ಪ್ರಕಾರ ಮುಸ್ಲಿಮರು ಶೇ 14.2. ಬೈಯೋ ಅವಸರದಲ್ಲಿ ಲೆಕ್ಕ ಯಾರು ನೋಡ್ತಾರೆ?) ವಿರೋಧ ಬಂದ ಮೇಲೆ ಪತ್ರಿಕೆ ಕ್ಷಮೆ ಕೇಳಿತು.

ದಿಲ್ಲಿಯ ಆ ಸಭೆಯಿಂದ ಸೋಂಕು ಹರಡಿದ್ದು ಸುಳ್ಳಲ್ಲ. ಏಪ್ರಿಲ್ 18ರಂದು ಕೇಂದ್ರ ಆರೋಗ್ಯ ಸಚಿವಾಲಯವೇ 14,378 ಪ್ರಕರಣಗಳಲ್ಲಿ 4,291ಕ್ಕೆ ಅದರ ನಂಟಿದೆ ಎಂದಿತು. ಆಯೋಜಕರನ್ನು ಕಟುವಾಗಿಯೇ ಪ್ರಶ್ನಿಸಬೇಕಿತ್ತು. ಆದರೆ ಮೈಸೂರು ಜಿಲ್ಲೆಯಲ್ಲಿ ಏನಾಗಿತ್ತು? ಮೇ ಹೊತ್ತಿಗೆ ಇಲ್ಲಿದ್ದ 90 ಪ್ರಕರಣಗಳಲ್ಲಿ 70ಕ್ಕೂ ಹೆಚ್ಚು ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನಂಟಿನವು. ಅದನ್ನು ನಮ್ಮ ಪತ್ರಿಕೆಗಳು ಸರಿಯಾಗೇ ಬರೆದವು: ಕಾರ್ಖಾನೆ, ನೌಕರರು, ಅವರ ಸಂಪರ್ಕದಲ್ಲಿದ್ದವರು, ಕ್ವಾರಂಟೈನ್. ನೌಕರರ ಜಾತಿ, ಧರ್ಮ ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಅಂದರೆ ಹಾಗೆ ಬರೆಯೋದು ನಮ್ಮವರಿಗೆ ಗೊತ್ತಿತ್ತು. ಸುದ್ದಿಪುಟಕ್ಕಿದ್ದ ಈ ಬುದ್ಧಿ ಸಂಪಾದಕೀಯಕ್ಕೆ ಯಾಕಿರಲಿಲ್ಲ ಅನ್ನೋದೇ ನನ್ನ ತಕರಾರು.

ಆ ರೂಪಕವಾದರೂ ಎಂಥದ್ದು! ನಮ್ಮಜ್ಜಿ ಟೊಮ್ಯಾಟೊ ಆರಿಸುವಾಗ ಒಂದೊಂದನ್ನೂ ತಿರುಗಿಸಿ, ಒತ್ತಿ ನೋಡ್ತಿದ್ದರು. ಇಲ್ಲಿ ಯಾರನ್ನೂ ತಿರುಗಿಸಿ ನೋಡಿಲ್ಲ, ಬುಟ್ಟಿಯ ಒಂದು ಪಾಲನ್ನೇ ಅಳತೆ ಮಾಡಿ ಎಸೆಯೋ ಮಾತು.

ಅದೇ ದಿನಗಳಲ್ಲಿ ಹಣ್ಣು ಮಾರೋರು ಹಣ್ಣಿಗೆ ಉಗುಳ್ತಾರೆ ಅನ್ನೋ ವಿಡಿಯೋಗಳು ನಮ್ಮ ಫ್ಯಾಮಿಲಿ ಗ್ರೂಪಿಗೂ ಬರ್ತಿದ್ದವು. ನಮ್ಮ ಬೀದಿಗೆ ವರ್ಷಗಳಿಂದ ತಳ್ಳುಗಾಡಿ ತರೋ ಒಬ್ಬರಿದ್ದಾರೆ. ಎಲ್ಲರೂ ಅವರನ್ನ 'ಹಣ್ಣಿನವರೇ' ಅಂತಲೇ ಕರೆಯೋದು. ಆ ವಾರ ಎದುರುಮನೆ ಆಂಟಿ ಗೇಟಿನ ಒಳಗಿಂದಲೇ, "ನಿಮ್ ಹೆಸರೇನಪ್ಪಾ?" ಅಂದರು. ಅವರು ಹೇಳಿದರು. ಆಂಟಿ ಏನೂ ಕೊಳ್ಳದೆ ಒಳಗೆ ಹೋದರು.

ನಾನು ಬಾಲ್ಕನಿಯಲ್ಲಿ ಆಫೀಸ್ ಕಾಲ್‌ನಲ್ಲಿದ್ದೆ. ಮೈಕು ಮ್ಯೂಟ್‌ನಲ್ಲೇ ಇತ್ತು, ಮಾತಾಡಬಹುದಿತ್ತು. ಆಡಲಿಲ್ಲ.