ನಾಲೆಯ ನೀರೂ ಲೋಕದ ಪೇಟೆಯೂ: ಎಪ್‌ಸ್ಟೈನರ ಗ್ರಂಥಗಳ ವಿಮರ್ಶೆ

ಒಂದು ಸೀಮೆಯ ಹಳ್ಳಿಗಳ ವೃತ್ತಾಂತವನ್ನು ಪರದೇಶದವರು ಬರೆದಾಗ, ಆ ಸೀಮೆಯ ವಾಚಕರ ಮನಸ್ಸಿನಲ್ಲಿ ಕುತೂಹಲವೂ ಸಂಶಯವೂ ಒಟ್ಟಿಗೆ ಹುಟ್ಟುವುದು ಸಹಜ. ಮಂಡ್ಯದ ಬಳಿಯ ಎರಡು ಗ್ರಾಮಗಳನ್ನು ಕುರಿತು ಪ್ರೊಫೆಸರ್ ಸ್ಕಾರ್ಲೆಟ್ ಎಪ್‌ಸ್ಟೈನರು ಬರೆದ ಇಂಗ್ಲಿಷ್ ಗ್ರಂಥಗಳಲ್ಲಿ ಕುತೂಹಲಕ್ಕೆ ತಕ್ಕ ಫಲವುಂಟು. ಸಂಶಯಕ್ಕೂ ಸ್ವಲ್ಪ ಎಡೆಯುಂಟು. ಜಾಗತೀಕರಣವೆಂಬ ಶಬ್ದವು 1991ರ ಆರ್ಥಿಕ ನೀತಿಯ ತರುವಾಯ ಎಲ್ಲರ ಬಾಯಿಗೂ ಬಂದಿತು. ಆದರೆ ಆ ಶಬ್ದವು ಸೂಚಿಸುವ ಸಂಗತಿ, ಎಂದರೆ ದೂರದ ಪೇಟೆಯು ಒಕ್ಕಲಿಗನ ಹೊಲದೊಳಕ್ಕೆ ಕಾಲಿಡುವ ಬಗೆ, ಅದಕ್ಕೆ ಮೂವತ್ತೈದು ವರ್ಷಗಳ ಹಿಂದೆಯೇ ಈ ವಿದುಷಿಯ ಲೆಕ್ಕದ ಪುಸ್ತಕದಲ್ಲಿ ದಾಖಲಾಗುತ್ತಲಿದ್ದಿತು.

ಎಪ್‌ಸ್ಟೈನರು 1922ರಲ್ಲಿ ವಿಯೆನ್ನಾ ನಗರದ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದರು. 1938ರಲ್ಲಿ ಹಿಟ್ಲರನು ಆಸ್ಟ್ರಿಯವನ್ನು ನುಂಗಿದ ಮೇಲೆ ಯುಗೋಸ್ಲಾವಿಯ, ಆಲ್ಬೇನಿಯಗಳ ದಾರಿ ಹಿಡಿದು ಇಂಗ್ಲೆಂಡನ್ನು ಸೇರಿ, ಹೊಲಿಗೆಯ ಕಾರ್ಖಾನೆಯಲ್ಲಿ ದುಡಿದು, ತಡವಾಗಿ ವಿದ್ಯಾಭ್ಯಾಸವನ್ನು ಮುಂದುವರಿಸಿದರು. ಅರ್ಥಶಾಸ್ತ್ರದಲ್ಲಿ ಶಿಕ್ಷಣ ಪಡೆದ ಆಕೆ ಮ್ಯಾಂಚೆಸ್ಟರಿನಲ್ಲಿ ಮ್ಯಾಕ್ಸ್ ಗ್ಲಕ್‌ಮನ್ನರ ಮಾನವಶಾಸ್ತ್ರದ ಬಳಗಕ್ಕೆ ಬಂದುದರಿಂದ, ಒಂದು ಕಣ್ಣು ಬೆಲೆಯ ಮೇಲೂ ಮತ್ತೊಂದು ಕಣ್ಣು ನಂಟಸ್ತಿಕೆಯ ಮೇಲೂ ಇರುವ ಅಭ್ಯಾಸ ಅವರಿಗೆ ಬಂದಿತು. 1954ರಿಂದ 1956ರವರೆಗೆ ಮೈಸೂರು ಸೀಮೆಯಲ್ಲಿದ್ದು ನಡೆಸಿದ ಅಧ್ಯಯನದ ಫಲವಾಗಿ 1962ರಲ್ಲಿ ಮೊದಲನೆಯ ಗ್ರಂಥ ಹೊರಬಂದಿತು. ದಕ್ಷಿಣ ಭಾರತದಲ್ಲಿ ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ಪರಿವರ್ತನೆ ಎಂಬುದು ಅದರ ಹೆಸರಿನ ಅರ್ಥ. ಮುಂದೆ ಸಸೆಕ್ಸ್ ವಿಶ್ವವಿದ್ಯಾನಿಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆಯಲ್ಲಿ ಅವರು ಪ್ರಾಧ್ಯಾಪಕರಾದರು. 2014ರಲ್ಲಿ ಕಾಲವಾದರು.

ಮೊದಲನೆಯ ಗ್ರಂಥದ ಕಥಾವಸ್ತು ಸರಳವಾದುದು. ಕನ್ನಂಬಾಡಿಯ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದಲ್ಲಿ ಮಂಡ್ಯದ ಕಡೆಗೆ ನೀರನ್ನು ತಂದಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. ಗ್ರಂಥದಲ್ಲಿ ವಂಗಲವೆಂದು ಕರೆಯಲ್ಪಟ್ಟಿರುವ ಗ್ರಾಮದ ಹೊಲಗಳಿಗೆ ನಾಲೆಯ ನೀರು ಹರಿಯಿತು. ರಾಗಿಯ ನೆಲದಲ್ಲಿ ಕಬ್ಬೂ ಬತ್ತವೂ ಬಂದುವು. ದಾಲೇನವೆಂಬ ಇನ್ನೊಂದು ಗ್ರಾಮದ ನೆಲ ನಾಲೆಗಿಂತ ಎತ್ತರದಲ್ಲಿದ್ದುದರಿಂದ, ಸುತ್ತಲೂ ಹಸುರು ಕಾಣುತ್ತಿದ್ದರೂ ಅದರ ಹೊಲಗಳು ಮೊದಲಿನಂತೆ ಖುಷ್ಕಿಯಾಗಿಯೇ ಉಳಿದುವು. ಈ ಎರಡರಲ್ಲಿ ಯಾವುದು ಹೆಚ್ಚಾಗಿ ಬದಲಾಯಿತು?

ನೀರು ಬಂದ ಊರೇ ಎಂದು ಯಾರಾದರೂ ಹೇಳುವರು. ಎಪ್‌ಸ್ಟೈನರು ಕಂಡುದು ಬೇರೆ. ವಂಗಲದ ಒಕ್ಕಲಿಗನಿಗೆ ಹಣ ಬಂದಿತು. ಆದರೆ ಅವನು ಒಕ್ಕಲಿಗನಾಗಿಯೇ ಉಳಿದನು. ಅವನ ಉಳುಮೆಗೆ ಆಳುಗಳು ಹಿಂದಿಗಿಂತ ಹೆಚ್ಚಾಗಿ ಬೇಕಾದುದರಿಂದ, ವಂಶಪಾರಂಪರ್ಯವಾಗಿ ಅವನ ಮನೆಗೆ ಸೇರಿದ್ದ ಆದಿಕರ್ನಾಟಕ ಕುಟುಂಬಗಳೊಡನೆ ಇದ್ದ ಸಂಬಂಧವೂ ಉಳಿಯಿತು. ದಾಲೇನದವರಾದರೋ ಮನೆಯಲ್ಲಿ ಕುಳಿತು ನಾಲೆಯನ್ನು ನೋಡುತ್ತಿರಲಿಲ್ಲ. ನೆರೆಯೂರುಗಳ ನೀರಾವರಿ ಜಮೀನನ್ನು ಕೊಂಡರು. ಸಕ್ಕರೆಯ ಕಾರ್ಖಾನೆಯಲ್ಲಿ ಕೆಲಸ ಹಿಡಿದರು. ದನದ ವ್ಯಾಪಾರ, ಗಾಡಿಯ ಬಾಡಿಗೆ, ಹಿಟ್ಟಿನ ಗಿರಣಿ ಎಂದು ನಾನಾ ಉದ್ಯೋಗಗಳಿಗೆ ಕೈಹಾಕಿದರು. ಊರಿನೊಳಗೆ ದುಡಿಮೆ ಕಡಮೆಯಾದಂತೆ ಒಡೆಯನಿಗೂ ಆಳಿಗೂ ಇದ್ದ ಹಳೆಯ ಕಟ್ಟು ತಾನಾಗಿಯೇ ಸಡಿಲಿತು. ಹಳೆಯ ದುಡಿಮೆಯ ರೀತಿಗೆ ಹೊಂದಿಕೊಂಡು ಬಂದ ಸಂಪತ್ತು ಹಳೆಯ ಸಮಾಜವನ್ನು ಕದಲಿಸದೆ ಇರಬಹುದೆಂಬುದನ್ನು ಈ ಗ್ರಂಥವು ಪಟ್ಟಿ ಪಟ್ಟಿಯಾಗಿ, ಮನೆಮನೆಯ ಆದಾಯವೆಚ್ಚಗಳನ್ನು ಬರೆದಿಟ್ಟು, ಸ್ಥಾಪಿಸುವುದು. ಎರಡೇ ಗ್ರಾಮಗಳಿಂದ ಇಷ್ಟು ದೊಡ್ಡ ಮಾತನ್ನು ಆಡಬಹುದೇ ಎಂಬ ಆಕ್ಷೇಪ ನ್ಯಾಯವೇ. ಆದರೂ ಆ ಎರಡನ್ನು ಆರಿಸಿದ ಬುದ್ಧಿಯಲ್ಲಿಯೇ ಅರ್ಧ ಕಾರ್ಯ ಮುಗಿದಿದೆ.

ಈ ವಿದುಷಿಯ ಸೂಕ್ಷ್ಮದೃಷ್ಟಿ ಪೂರ್ಣವಾಗಿ ಕಾಣಬರುವುದು ಗ್ರಂಥಕ್ಕಿಂತಲೂ 1967ರ ಒಂದು ಪ್ರಬಂಧದಲ್ಲಿ. ಅದರ ವಿಷಯ ಆಯ. ಆಯದ ಕಾಳು ಬೆಳೆಗೆ ತಕ್ಕಂತೆ ಏರಿಳಿಯುವುದಿಲ್ಲ. ವರ್ಷಕ್ಕೆ ಇಷ್ಟೆಂದು ಹಿಂದಿನಿಂದ ನಡೆದು ಬಂದುದು. ಹತ್ತು ಪಲ್ಲ ಬೆಳೆದರೂ ಐದು ಪಲ್ಲ ಬೆಳೆದರೂ ಆಳಿನ ಮನೆಗೆ ಹೋಗುವುದು ಅಷ್ಟೇ ಎಂದು ಭಾವಿಸೋಣ. ಸುಗ್ಗಿ ತುಂಬಿದ ವರ್ಷದಲ್ಲಿ ಮಿಕ್ಕುದೆಲ್ಲ ಒಕ್ಕಲಿಗನದು. ಮದುವೆ, ಹಬ್ಬ, ಊಟಗಳಲ್ಲಿ ಅವನ ಹೆಸರು ಹೆಚ್ಚುವುದು. ಮಳೆ ಕೈಕೊಟ್ಟ ವರ್ಷದಲ್ಲಿಯೂ ಆಳಿನ ಕಾಳು ನಿಲ್ಲದು. ಆಗ ಒಡೆಯನಿಗೂ ಆಳಿಗೂ ತಲೆಗೆ ಸಿಕ್ಕುವ ಪಾಲು ಬಹುಮಟ್ಟಿಗೆ ಒಂದೇ ಆಗುವುದು. ಹೊರಗಿನವರಿಗೆ ಕುರುಡು ಸಂಪ್ರದಾಯವಾಗಿ ಕಂಡುದು ಬರಗಾಲದ ವಿಮೆಯಾಗಿತ್ತೆಂದು ಎಪ್‌ಸ್ಟೈನರು ತೋರಿಸಿದರು. ನೀರಾವರಿಯೂ ನಗದು ಕೂಲಿಯೂ ಬಂದು ಕೆಟ್ಟ ವರ್ಷದ ಭಯ ಕಡಮೆಯಾದಾಗ ಒಡೆಯನಿಗೆ ಈ ಕಟ್ಟಿನಿಂದ ಪ್ರಯೋಜನ ಕಾಣದಾಯಿತು. ಆಳಿಗೆ ಮಾತ್ರ ಅದರ ಅಗತ್ಯ ತಪ್ಪಲಿಲ್ಲ.

ಇಲ್ಲಿ ವಿಮರ್ಶಕನು ಸ್ವಲ್ಪ ನಿಲ್ಲಬೇಕಾಗಿದೆ. ಆ ಕಾಳಿಗೆ ಪ್ರತಿಯಾಗಿ ಆಳು ಕೊಟ್ಟುದೇನೆಂಬ ಲೆಕ್ಕ ಪ್ರಬಂಧದಲ್ಲಿ ಪೂರ್ತಿಯಾಗಿಲ್ಲ. ಬರದ ವರ್ಷದ ಒಂದು ಕೊಳಗಕ್ಕಾಗಿ ಅವನು ಸುಗ್ಗಿಯ ವರ್ಷಗಳಲ್ಲೆಲ್ಲ ಕರೆದಾಗ ಬರಬೇಕು, ಬೇರೆಯವನ ಹೊಲಕ್ಕೆ ಹೋಗಕೂಡದು, ಹಟ್ಟಿಯ ಎಲ್ಲೆಯನ್ನು ಮರೆಯಕೂಡದು. ವಿಮೆಯೆಂಬ ಉಪಮಾನವು ಒಡಂಬಡಿಕೆಯನ್ನು ನೆನಪಿಗೆ ತರುವುದು. ಒಡಂಬಡಿಕೆಯೆಂದರೆ ಒಲ್ಲೆನೆನ್ನುವ ಸ್ವಾತಂತ್ರ್ಯ ಇಬ್ಬರಿಗೂ ಇರಬೇಕು. ದಾಲೇನದ ಹಟ್ಟಿಯವನು ಕಾರ್ಖಾನೆಗೆ ನಡೆದು ಹೋದಾಗ ಕಳೆದುಕೊಂಡುದು ಎಷ್ಟು, ಗಳಿಸಿದುದು ಎಷ್ಟು ಎಂಬ ಪ್ರಶ್ನೆಯನ್ನು ಎತ್ತುವುದಕ್ಕೆ ಬೇಕಾದ ಸಾಮಗ್ರಿಯನ್ನೆಲ್ಲ ಎಪ್‌ಸ್ಟೈನರು ಕೂಡಿಟ್ಟಿರುವರು. ಉತ್ತರವನ್ನು ಹೇಳಬೇಕಾದವನ ಕಂಠ ಮಾತ್ರ ಆ ಪಟ್ಟಿಗಳ ನಡುವೆ ಕೇಳಿಸದು.

ಕಂಠದ ಮಾತು ಬಂದುದರಿಂದ ಎಂ. ಎನ್. ಶ್ರೀನಿವಾಸರನ್ನು ನೆನೆಯದಿರಲಾಗದು. 1948ರಲ್ಲಿ ಇದೇ ಮೈಸೂರು ಸೀಮೆಯ ರಾಂಪುರದಲ್ಲಿ ನೆಲಸಿದ್ದ ಅವರು, 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಟಿಪ್ಪಣಿಗಳು ಬೆಂಕಿಗೆ ತುತ್ತಾದ ಮೇಲೆ, ಹೆಚ್ಚಾಗಿ ನೆನಪನ್ನೇ ನೆಚ್ಚಿ ಬರೆದ ಗ್ರಂಥವು 1976ರಲ್ಲಿ ಪ್ರಕಟವಾಯಿತು. ಅದರಲ್ಲಿ ಪಟೇಲನು ನಡೆಯುವನು, ನಗುವನು, ಸಿಡುಕುವನು. ಎಪ್‌ಸ್ಟೈನರಲ್ಲಿ ಜನರು ಜಾತಿಯ ಹೆಸರಿನಿಂದಲೂ ಎಕರೆಗಳಿಂದಲೂ ಗುರುತಿಸಲ್ಪಡುವರು. ಆದರೆ ರಾಂಪುರದ ಓದುಗನಿಗೆ ಒಂದು ಎಕರೆ ಕಬ್ಬಿನ ಖರ್ಚು ಎಷ್ಟೆಂದು ತಿಳಿಯದು. ವಂಗಲದ ಓದುಗನಿಗೆ ತಿಳಿಯುವುದು. ಒಂದನ್ನು ಓದಿದವರು ಇನ್ನೊಂದನ್ನೂ ಓದತಕ್ಕದ್ದು.

ಮಧ್ಯೆ ಆಕೆ ನ್ಯೂ ಬ್ರಿಟನ್ ದ್ವೀಪದ ತೋಲಾಯ್ ಜನರ ನಡುವೆ ನಡೆಸಿದ ಅಧ್ಯಯನವು 1968ರಲ್ಲಿ ಗ್ರಂಥವಾಯಿತು. ಕವಡೆಯಂಥ ಚಿಪ್ಪುಗಳನ್ನೇ ನಾಣ್ಯವಾಗಿ ಕೂಡಿಡುವ ಆ ಜನರು ಪೇಟೆಯ ವ್ಯವಹಾರಕ್ಕೆ ಎಷ್ಟು ಬೇಗ ಒಗ್ಗಿದರೆಂಬ ವಿಚಾರ ಅದರಲ್ಲಿದೆ.

1970ರಲ್ಲಿ ಎಪ್‌ಸ್ಟೈನರು ಮಂಡ್ಯದ ಹಳ್ಳಿಗಳಿಗೆ ಹಿಂದಿರುಗಿದರು. ವಿದ್ವಾಂಸರಲ್ಲಿ ಹಾಗೆ ಹಿಂದಿರುಗಿ ತಮ್ಮ ಮಾತನ್ನೇ ಪರೀಕ್ಷೆಗೆ ಒಡ್ಡುವವರು ವಿರಳ. ನಿನ್ನೆ, ಇಂದು, ನಾಳೆ ಎಂಬ ಕ್ರಮದಲ್ಲಿ 1973ರಲ್ಲಿ ಬಂದ ಎರಡನೆಯ ಗ್ರಂಥದಲ್ಲಿ, ಉಳ್ಳವರಿಗೂ ಇಲ್ಲದವರಿಗೂ ನಡುವಣ ಅಂತರ ಬೆಳೆದುದನ್ನು ಮುಚ್ಚುಮರೆಯಿಲ್ಲದೆ ಬರೆದರು. ನಾಳೆಯ ಭಾಗ ಅಷ್ಟು ಗಟ್ಟಿಯಾಗಿಲ್ಲ. ಭವಿಷ್ಯವನ್ನು ಹೇಳುವಾಗ ಅರ್ಥಶಾಸ್ತ್ರಜ್ಞರ ಭಾಷೆ ಪಂಚಾಂಗದವರ ಭಾಷೆಯಂತೆ ಅಸ್ಪಷ್ಟವಾಗುವುದು ಈ ಒಬ್ಬರ ದೋಷವೇನೂ ಅಲ್ಲ. ಮೂರನೆಯ ಗ್ರಂಥವು 1998ರಲ್ಲಿ ಎ. ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಎಂಬಿಬ್ಬರೊಡನೆ ಕೂಡಿ ಬರೆದುದು. ಹೊರಗಿನವರೊಬ್ಬರ ಶೋಧವಾಗಿ ಮೊದಲಾದ ಕಾರ್ಯವು ನಲವತ್ತು ವರ್ಷಗಳ ಮೇಲೆ ಕನ್ನಡ ನಾಡಿನವರ ಹೆಸರುಗಳೊಡನೆ ಹೊರಬಂದುದು ಸಣ್ಣ ವಿಷಯವಲ್ಲ. 2001ರ ಲೇಖನವೊಂದರಲ್ಲಿ ಹಳ್ಳಿಗೂ ಪಟ್ಟಣಕ್ಕೂ ಸಹಭಾಗಿತ್ವವಿರಬೇಕು, ಉದ್ಯೋಗವು ಹಳ್ಳಿಗಳ ಸಮೀಪಕ್ಕೆ ಬರಬೇಕು ಎಂದು ಪ್ರತಿಪಾದಿಸಿದರು. ಬೇರು ಕಿತ್ತ ಬದುಕನ್ನು ಕಂಡವರಿಗೆ ಜನರು ಊರು ಬಿಡದಿರಲೆಂಬ ಆಸೆ ಇರುವುದೆಂದು 2005ರ ಆತ್ಮಕಥೆಯನ್ನು ಓದಿದವರಿಗೆ ತೋರೀತು.

ಈ ಗ್ರಂಥಗಳ ಚೌಕಟ್ಟನ್ನು ಪರೀಕ್ಷಿಸಲು ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳು ತಕ್ಕ ಸ್ಥಳ. ಹೊಸ ಅಗ್ರಹಾರ, ಕೃಷ್ಣರಾಜನಗರಗಳ ಕಡೆಯ ಓದುಗರಿಗೆ ನಾಲೆಯ ಬೇಸಾಯವೇನೆಂದು ವಿವರಿಸಬೇಕಾಗಿಲ್ಲ. ವಂಗಲದ ವರ್ಣನೆಯಲ್ಲಿ ಅವರು ಪರಿಚಿತರನ್ನೇ ಕಾಣುವರು. ಆದರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ವರ್ಜೀನಿಯಾ ಹೊಗೆಸೊಪ್ಪಿನ ಬೆಳೆಗಾರನು ವಂಗಲದವನೂ ಅಲ್ಲ, ದಾಲೇನದವನೂ ಅಲ್ಲ. ಅವನದು ಮಳೆಯನ್ನು ನೆಚ್ಚಿದ ಹಗುರ ಮಣ್ಣಿನ ಹೊಲ. ಎಪ್‌ಸ್ಟೈನರ ಲೆಕ್ಕದಂತೆ ಖುಷ್ಕಿ ಹೊಲದವನು ಲೋಕವನ್ನು ಹುಡುಕಿಕೊಂಡು ಹೊರಗೆ ಹೋಗಬೇಕು. ಇಲ್ಲಿ ಲೋಕವೇ ಖುಷ್ಕಿ ಹೊಲವನ್ನು ಹುಡುಕಿಕೊಂಡು ಬಂದಿತು. ಮಂಡ್ಯದ ಕಬ್ಬು ಬೆಳೆಗಾರನಿಗೆ ಕಾರ್ಖಾನೆಯ ಹೊಗೆಗೂಡು ಕಣ್ಣಿಗೆ ಕಾಣುತ್ತಿತ್ತು. ಬೆಲೆಯ ವಿಷಯದಲ್ಲಿ ಜಗಳವಾಡಲು ಒಂದು ಬಾಗಿಲಿತ್ತು. ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರಗಳ ಹರಾಜು ಮಾರುಕಟ್ಟೆಯಲ್ಲಿ ಬೇಲು ಇಳಿಸಿ ನಿಂತವನಿಗೆ ಬೆಲೆ ಎಲ್ಲಿ ಹುಟ್ಟುವುದೆಂಬುದು ಕಾಣದು. ಆ ಸೊಪ್ಪಿನ ಬಹುಪಾಲು ಕಡಲಾಚೆಗೆ ಹೋಗತಕ್ಕದ್ದು. 1976ರಲ್ಲಿ ಕಾರ್ಯಾರಂಭ ಮಾಡಿದ ತಂಬಾಕು ಮಂಡಳಿಯು ಬೆಳೆಗಾರರನ್ನೂ ಬ್ಯಾರನ್ನುಗಳನ್ನೂ ನೋಂದಾಯಿಸಿ, ವರ್ಷಕ್ಕೆ ಎಷ್ಟು ಬೆಳೆಯಬೇಕೆಂಬುದನ್ನೂ ಗೊತ್ತುಮಾಡುವುದು. ತಂಬಾಕನ್ನು ಹತೋಟಿಗೆ ತರುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವು 2004ರಲ್ಲಿ ಅಂಗೀಕಾರವಿತ್ತಿತು. ಕೊಳ್ಳುವ ಲೋಕವೇ ಬೆಳೆಯಬೇಡವೆಂದೂ ಹೇಳತೊಡಗಿತು.

ಇಂಥ ಹೊಲದಲ್ಲಿ ಸೊಪ್ಪು ಮುರಿಯುವ ಕೂಲಿಯವಳಿಗೂ, ರಾತ್ರಿಯೆಲ್ಲ ಬ್ಯಾರನ್ನಿಗೆ ಸೌದೆ ಒಟ್ಟುವವನಿಗೂ, ಬೆಲೆ ಕುಸಿದ ವರ್ಷದಲ್ಲಿ ಯಾರ ಕಣಜದಿಂದ ಕಾಳು ಬರುವುದೆಂಬ ಪ್ರಶ್ನೆಯನ್ನು 1967ರ ಆ ಪ್ರಬಂಧವನ್ನು ಕೈಯಲ್ಲಿ ಹಿಡಿದೇ ಕೇಳಬೇಕಾಗಿದೆ. ಮನೆಮನೆಗೆ ಹೋಗಿ ಆದಾಯವೆಚ್ಚಗಳನ್ನು ಬರೆದುಕೊಳ್ಳುವ ಆ ವಿಧಾನವೇ ಇಲ್ಲಿಗೂ ಸಾಕು. ಬರೆದುಕೊಳ್ಳುವವರು ಕನ್ನಡದಲ್ಲಿಯೇ ಕೇಳಿ ಕನ್ನಡದಲ್ಲಿಯೇ ಬರೆದರೆ, ಹೇಳಿದವರು ಅದನ್ನು ಓದಿ, ತಪ್ಪಿದ್ದರೆ ತಿದ್ದಲೂ ಬಹುದು.