ಕೈ ಚಾಚುವುದು, ಬಾಯಿ ಚಪ್ಪರಿಸುವುದು

ಇಲಿಗೆ ಒಂದು ತಿನಿಸು ರುಚಿಸಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಎಷ್ಟು ತಿಂದಿತು ಎಂದು ತೂಕ ಹಾಕಿದರೆ ಸಾಕು ಎಂದು ಪ್ರಯೋಗಾಲಯದವರು ಬಹುಕಾಲ ನಂಬಿದ್ದರು. ಹೆಚ್ಚು ತಿಂದರೆ ಹೆಚ್ಚು ರುಚಿಸಿದೆ, ಅಷ್ಟೆ. ಹಸಿದವರಿಗೆ ಬಡಿಸಿದ ಅನುಭವವಿರುವ ಯಾರೂ ಒಪ್ಪದ ಮಾತಿದು. 1978ರಲ್ಲಿ ಹಾರ್ವಿ ಗ್ರಿಲ್ ಮತ್ತು ರಾಲ್ಫ್ ನಾರ್ಗ್ರೆನ್ ಬೇರೊಂದು ದಾರಿ ತೋರಿಸಿದರು. ಇಲಿಯ ಬಾಯೊಳಕ್ಕೆ ಸಣ್ಣ ಕೊಳವೆಯೊಂದನ್ನು ಕೂರಿಸಿ, ಅದರಿಂದ ನೇರವಾಗಿ ನಾಲಿಗೆಗೆ ದ್ರವ ಬಿಟ್ಟು, ಮುಖವನ್ನು ಚಿತ್ರೀಕರಿಸಿ ನಿಧಾನಗತಿಯಲ್ಲಿ ನೋಡಿದರು. ಸಕ್ಕರೆ ನೀರು ಬಿದ್ದರೆ ಇಲಿ ಲಯವಾಗಿ ನಾಲಿಗೆ ಹೊರಚಾಚುತ್ತದೆ, ಬಾಯಿ ಸವರಿಕೊಳ್ಳುತ್ತದೆ, ಮುಂಗಾಲು ನೆಕ್ಕುತ್ತದೆ. ಕ್ವಿನೈನಿನ ಕಹಿ ಬಿದ್ದರೆ ಬಾಯಿ ಅಗಲಿಸಿ, ತಲೆ ಕೊಡವಿ, ಮುಖ ಒರೆಸಿಕೊಳ್ಳುತ್ತದೆ. ಎಳೆಗೂಸಿನ ನಾಲಿಗೆಗೆ ಸಿಹಿಯನ್ನೋ ಕಹಿಯನ್ನೋ ತಾಗಿಸಿ ನೋಡಿ, ಮುಖದ ಆಟ ಹೆಚ್ಚುಕಡಿಮೆ ಇದೇ.

ಮಿದುಳಿನ ರಾಸಾಯನಿಕವಾದ ಡೋಪಮೈನಿಗೂ ಊಟಕ್ಕೂ ಇರುವ ನಂಟಿನ ಬಗ್ಗೆ ಬಂದಿರುವ ಅತ್ಯುತ್ತಮ ಕೆಲಸ ಈ ಮುಖ ಓದುವ ವಿದ್ಯೆಯ ಮೇಲೆ ನಿಂತಿದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್ಸನ್ ಅವರದು ಆ ಕೆಲಸ. ಅದು ಎಷ್ಟು ದೂರ ನಮ್ಮನ್ನು ಕರೆದೊಯ್ಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ಇವತ್ತು ಕೇಳಲೇಬೇಕಾದ ಪ್ರಶ್ನೆ. ಯಾಕೆಂದರೆ ಅವರು ಅಳಿಸಿಹಾಕಿದ ಹಳೆಯ ಕಥೆಯೇ ನಮ್ಮ ಮೊಬೈಲ್ ಪರದೆಗಳಲ್ಲಿ ಹೊಸ ಜ್ಞಾನದಂತೆ ಓಡಾಡುತ್ತಿದೆ.

ಆ ಹಳೆಯ ಕಥೆ ಶುರುವಾದದ್ದು 1954ರಲ್ಲಿ, ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ. ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯ ಮಿದುಳಿಗೆ ತಂತಿ ಇಳಿಸಿ, ಸನ್ನೆ ಒತ್ತಿದರೆ ಅಲ್ಲಿಗೆ ಸಣ್ಣಗೆ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿ ಒತ್ತಿದ್ದೇ ಒತ್ತಿದ್ದು. ಆ ಜಾಗಕ್ಕೆ ‘ಸುಖಕೇಂದ್ರ’ ಎಂಬ ಹೆಸರು ಬಿತ್ತು. (ಇದೇ ಬಗೆಯ ಪ್ರಯೋಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನಡೆದಿದೆ. ಹೀಗೆ ತನಗೆ ತಾನೇ ವಿದ್ಯುತ್ ಕೊಟ್ಟುಕೊಂಡ ಇಲಿಗಳ ನರಕೋಶಗಳಲ್ಲಿ ಕವಲುಗಳು ಹೆಚ್ಚುತ್ತವೆ ಎಂದು ಶಂಕರನಾರಾಯಣ ರಾವ್, ದೇಸಿರಾಜು, ರಾಜು ಅವರು 1993ರಲ್ಲಿ ತೋರಿಸಿದರು.) 1978ರಲ್ಲಿ ರಾಯ್ ವೈಸ್ ಮತ್ತು ಸಂಗಡಿಗರು ಡೋಪಮೈನ್ ತಡೆಯುವ ಪಿಮೊಜೈಡ್ ಎಂಬ ಔಷಧಿ ಕೊಟ್ಟರು. ಊಟಕ್ಕಾಗಿ ಸನ್ನೆ ಒತ್ತುತ್ತಿದ್ದ ಇಲಿಗಳು, ಊಟ ಬರುವುದೇ ನಿಂತುಹೋಗಿದೆಯೇನೋ ಎಂಬಂತೆ ಮೆಲ್ಲಮೆಲ್ಲಗೆ ಕೈಚೆಲ್ಲಿದವು. ವೈಸ್ ಹೇಳಿದ್ದು ಇಷ್ಟು: ಊಟದ ಸುಖ ಹೋಗಿದೆ, ಸುಖ ಎಂದರೆ ಡೋಪಮೈನ್. ಅಚ್ಚುಕಟ್ಟಾದ ವಾದ. ಅದರ ದೌರ್ಬಲ್ಯವೂ ಅಷ್ಟೇ ಸ್ಪಷ್ಟ. ಒತ್ತುವುದನ್ನು ನಿಲ್ಲಿಸಿದ ಇಲಿಗೆ ರುಚಿ ಹೋಗಿತ್ತೋ, ಮನಸ್ಸು ಹೋಗಿತ್ತೋ, ಮೈಯಲ್ಲಿ ಕಸುವು ಹೋಗಿತ್ತೋ ಸನ್ನೆ ಹೇಳುವುದಿಲ್ಲ.

ಬೆರಿಡ್ಜ್ ಬಂದದ್ದು ವೈಸ್ ಅವರನ್ನು ಖಂಡಿಸಲು ಅಲ್ಲ, ಸಮರ್ಥಿಸಲು. ಡೋಪಮೈನ್ ನರಕೋಶಗಳನ್ನು ವಿಷವಿಟ್ಟು ಕೊಂದರೆ ಇಲಿ ಊಟ ನೀರು ಎರಡನ್ನೂ ಬಿಡುತ್ತದೆ, ಕೊಳವೆಯಲ್ಲಿ ಉಣಿಸದಿದ್ದರೆ ಸಾಯುತ್ತದೆ ಎಂಬುದು 1971ರಿಂದಲೇ, ಸ್ವೀಡನ್ನಿನ ಉರ್ಬಾನ್ ಉಂಗರ್‌ಸ್ಟೆಡ್ಟ್ ಅವರ ಕೆಲಸದಿಂದ ಗೊತ್ತಿತ್ತು. ಅಂಥ ಇಲಿಗಳ ನಾಲಿಗೆಗೆ ಸಕ್ಕರೆ ನೀರು ಬಿಟ್ಟರೆ ಮುಖ ಸಪ್ಪಗಿರಬೇಕಿತ್ತು. ಇರಲಿಲ್ಲ. 1989ರ ಆ ಪ್ರಯೋಗದಲ್ಲಿ ಊಟವನ್ನು ಮೂಸಿಯೂ ನೋಡದ ಇಲಿಗಳು, ಸಿಹಿ ತಾನಾಗಿ ಬಾಯಿಗೆ ಬಂದಾಗ ಉಳಿದ ಇಲಿಗಳಷ್ಟೇ ಚಪ್ಪರಿಸಿದವು. 1998ರಲ್ಲಿ ಇನ್ನೂ ಮುಂದೆ ಹೋದರು. ಡೋಪಮೈನ್ ಹೆಚ್ಚುಕಡಿಮೆ ಪೂರ್ತಿ ಬರಿದಾದ ಇಲಿಗಳಿಗೆ ಸಿಹಿಯ ಬೆನ್ನಿಗೇ ಹೊಟ್ಟೆ ತೊಳಸುವ ಮದ್ದು ಕೊಟ್ಟರು. ಮುಂದಿನ ಸಲ ಅದೇ ಸಿಹಿಗೆ ಅವು ಮುಖ ಸಿಂಡರಿಸಿದವು. ಅಂದರೆ ರುಚಿ ನೋಡುವುದಷ್ಟೇ ಅಲ್ಲ, ರುಚಿಯ ಬಗ್ಗೆ ಮನಸ್ಸು ಬದಲಿಸುವುದೂ ಡೋಪಮೈನ್ ಇಲ್ಲದೆ ನಡೆಯಿತು. 2003ರಲ್ಲಿ ತಿರುವುಮುರುವಿನ ಪರೀಕ್ಷೆ ಬಂತು. ಡೋಪಮೈನ್ ಹೆಚ್ಚಾಗಿ ಉಳಿಯುವಂತೆ ಜೀನ್ ತಿದ್ದಿದ ಚಿಟ್ಟಿಲಿಗಳು ಸಿಹಿಯತ್ತ ದಡಬಡ ಓಡಿದವು, ದಾರಿಯಲ್ಲಿ ಕಡಿಮೆ ತಡೆದವು. ಸಿಹಿ ಬಾಯಿಗೆ ಬಿದ್ದಾಗ ಮಾತ್ರ ಬೇರೆಯವಕ್ಕಿಂತ ಹೆಚ್ಚೇನೂ ಚಪ್ಪರಿಸಲಿಲ್ಲ. ಡೋಪಮೈನ್ ಎಬ್ಬಿಸುವುದು ಬಯಕೆಯನ್ನು, ರುಚಿಯನ್ನಲ್ಲ ಎಂದಾಯಿತು.

ಒಂದೇ ಪ್ರಶ್ನೆಯನ್ನು ಡೋಪಮೈನ್ ಕಡಿಮೆ ಮಾಡಿ, ಹೆಚ್ಚು ಮಾಡಿ, ಅರುಚಿ ಕಲಿಸಿ ಕೇಳುವ ಈ ತಾಳ್ಮೆ ನನಗೆ ಇಡೀ ಕ್ಷೇತ್ರದಲ್ಲೇ ಮೇಲ್ದರ್ಜೆಯದಾಗಿ ಕಾಣುತ್ತದೆ. ಚಪ್ಪರಿಕೆಯ ಜಾಗವನ್ನೂ ಅವರು ಹುಡುಕಿದರು. ಮಿದುಳಿನ ಮುಂಭಾಗದ ತಳದಲ್ಲಿ, ಸುಮಾರು ಒಂದು ಘನ ಮಿಲಿಮೀಟರಿನಷ್ಟೇ ಜಾಗದಲ್ಲಿ, ಅಫೀಮಿನಂಥ ರಾಸಾಯನಿಕ ಬಿಟ್ಟರೆ ಸಿಹಿಗೆ ಬರುವ ನಾಲಿಗೆಯಾಟ ಇಮ್ಮಡಿ ಮೀರುತ್ತದೆ. ಡೋಪಮೈನ್ ಅಲ್ಲಿ ಅಂಥದ್ದೇನನ್ನೂ ಮಾಡುವುದಿಲ್ಲ. ವೈಸ್ ಕೂಡ ಮುಂದೆ ತಮ್ಮ ವಾದವನ್ನು ಕೈಬಿಟ್ಟರು. ಹೆಸರು ತಂದುಕೊಟ್ಟ ಸಿದ್ಧಾಂತವನ್ನು ಬದುಕಿದ್ದಾಗಲೇ ಬಿಟ್ಟುಕೊಡುವ ದೊಡ್ಡತನ ವಿದ್ವಾಂಸರಲ್ಲಿ ಅಪರೂಪ, ನಮ್ಮ ಕಡೆಯಂತೂ ಇನ್ನೂ ಅಪರೂಪ.

ಸಿಯಾಟಲ್‌ನ ರಿಚರ್ಡ್ ಪಾಮಿಟರ್ ಅವರ ಚಿಟ್ಟಿಲಿಗಳು ಈ ವಾದಕ್ಕೆ ಇನ್ನೊಂದು ಕಡೆಯಿಂದ ಸಾಕ್ಷಿ ಹೇಳಿದವು. 1995ರಲ್ಲಿ ಅವರು ಮತ್ತು ಸಹಸಂಶೋಧಕ ಝೌ ಡೋಪಮೈನ್ ತಯಾರಿಸಲಾರದ ಚಿಟ್ಟಿಲಿಗಳನ್ನು ಬೆಳೆಸಿದರು. ಅವು ಹುಟ್ಟುತ್ತವೆ, ಮೊದಲು ಮೊಲೆ ಹಾಲನ್ನೂ ಕುಡಿಯುತ್ತವೆ, ಕೆಲವೇ ವಾರಗಳಲ್ಲಿ ಸೊರಗಿ ಸಾಯುತ್ತವೆ. ತಿನ್ನಲು ಬೇಕಾದ್ದೆಲ್ಲ ಮುಂದೆಯೇ ಇದ್ದರೂ ಅಷ್ಟೆ. ದಿನಕ್ಕೊಂದು ಎಲ್-ಡೋಪಾ ಚುಚ್ಚುಮದ್ದು ಕೊಟ್ಟರೆ ಕೆಲವು ಗಂಟೆ ಎದ್ದು ಓಡಾಡುತ್ತವೆ, ತಿನ್ನುತ್ತವೆ, ಬದುಕುತ್ತವೆ. ಎಲ್-ಡೋಪಾ ನಮಗೆ ಅಪರಿಚಿತ ವಸ್ತುವಲ್ಲ. ಮೈಗೆ ತಾಗಿದರೆ ತುರಿಕೆ ಹತ್ತಿಸುವ ನಸುಗುನ್ನಿಯ ಬೀಜದಲ್ಲಿ ಅದು ಇದೆ ಎಂದು ದಾಮೋದರನ್ ಮತ್ತು ರಾಮಸ್ವಾಮಿ ಮದ್ರಾಸಿನಲ್ಲಿ 1937ರಷ್ಟು ಹಿಂದೆಯೇ ಕಂಡುಕೊಂಡಿದ್ದರು. ಪಾಮಿಟರ್ ತಂಡ 2001ರಲ್ಲಿ ಡೋಪಮೈನನ್ನು ಮಿದುಳಿನ ಒಂದೇ ಭಾಗಕ್ಕೆ ಮರಳಿಸಿ ನೋಡಿತು. ಊಟಕ್ಕೆ ಅಷ್ಟು ಸಾಕಾಯಿತು. ಆ ಭಾಗ ಎಲ್ಲರೂ ‘ಸುಖದ ಮನೆ’ ಎಂದು ಬೊಟ್ಟು ಮಾಡುವ ಕಡೆ ಇರಲಿಲ್ಲ. ನಡೆ, ಚಲನೆ, ರೂಢಿಗಳಿಗೆ ಸಂಬಂಧಿಸಿದ ಮೇಲ್ಭಾಗವದು.

ಇನ್ನು ತಕರಾರುಗಳು.

ಮೊದಲನೆಯದು, ಆ ಕೊಳವೆಯ ಬಗ್ಗೆಯೇ. ಬಾಯಿಗೆ ತಾನಾಗಿ ಬಂದು ಬೀಳುವ ಸಿಹಿ ಊಟವಲ್ಲ. ಹುಡುಕುವುದು, ಕಾಯುವುದು, ಆಯುವುದು, ಎರಡನೆಯ ತುತ್ತಿಗೆ ಕೈ ಹಾಕುವುದು ಎಲ್ಲವನ್ನೂ ಕಳೆದ ಮೇಲೆ ಉಳಿದ ಕೆಲವು ಸೆಕೆಂಡುಗಳನ್ನು ಈ ವಿಧಾನ ಅಳೆಯುತ್ತದೆ. ರುಚಿಯೇನು ನಾಲಿಗೆಯಲ್ಲೇ ಮುಗಿಯುವ ವ್ಯವಹಾರವೂ ಅಲ್ಲ. ಇವಾನ್ ಡಿ ಅರಾಜೊ ಮತ್ತು ಸಂಗಡಿಗರು 2008ರಲ್ಲಿ ಸಿಹಿ ಗೊತ್ತಾಗದ ಚಿಟ್ಟಿಲಿಗಳನ್ನು ಬಳಸಿದರು. ನಾಲಿಗೆಗೆ ಏನೂ ತಿಳಿಯದಿದ್ದರೂ ಅವು ಕೆಲವೇ ದಿನಗಳಲ್ಲಿ ಬರೀ ನೀರು ಬಿಟ್ಟು ಸಕ್ಕರೆ ನೀರನ್ನೇ ಆರಿಸಿಕೊಳ್ಳತೊಡಗಿದವು, ಮಿದುಳಿನಲ್ಲಿ ಡೋಪಮೈನೂ ಏರಿತು. ಹೊಟ್ಟೆ ಲೆಕ್ಕ ಹಾಕಿ ಮೇಲಕ್ಕೆ ಸುದ್ದಿ ಕಳಿಸುತ್ತಿದೆ ಎಂದಾಯಿತು. ಮುಖ ನೋಡಿ ಈ ಲೆಕ್ಕ ಓದಲಾಗದು.

ಎರಡನೆಯದು ಹೆಚ್ಚು ಗಂಭೀರ. ರುಚಿಸುವುದನ್ನು ಇಷ್ಟು ನಾಜೂಕಾಗಿ ಬಿಡಿಸಿ ತೋರಿಸಿದವರು ಬಯಸುವುದನ್ನು ಮಾತ್ರ ಒಂದೇ ಮೂಟೆಯಾಗಿ ಕಟ್ಟಿಟ್ಟರು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಜಾನ್ ಸಲಮೋನ್ ಆ ಮೂಟೆ ಬಿಚ್ಚಿದರು. ಅವರ ಇಲಿಗೆ ಎರಡು ದಾರಿ. ಸನ್ನೆ ಒತ್ತಿದರೆ ಇಷ್ಟದ ತಿನಿಸು. ಪಕ್ಕದಲ್ಲೇ ಪುಕ್ಕಟೆ ಸಿಗುವುದು ಸಾದಾ ಆಹಾರ. ಸಾಮಾನ್ಯ ಇಲಿ ದುಡಿದು ತಿನ್ನುತ್ತದೆ. ಡೋಪಮೈನ್ ಸ್ವಲ್ಪ ತಗ್ಗಿಸಿದ ಇಲಿ ದುಡಿಮೆ ಬಿಟ್ಟು ಪುಕ್ಕಟೆಯದಕ್ಕೆ ಬಾಯಿ ಹಾಕುತ್ತದೆ, ಹೊಟ್ಟೆತುಂಬ ತಿನ್ನುತ್ತದೆ. ಹಸಿವು ಎಲ್ಲಿಗೂ ಹೋಗಿಲ್ಲ. ಇನ್ನೊಂದು ಪ್ರಯೋಗದಲ್ಲಿ 44 ಸೆಂಟಿಮೀಟರ್ ಎತ್ತರದ ತಡೆ ಹತ್ತಿದರೆ ಹೆಚ್ಚು ತಿನಿಸು, ಹತ್ತದಿದ್ದರೆ ಕಡಿಮೆ. ಡೋಪಮೈನ್ ಕಡಿಮೆಯಾದ ಇಲಿ ಹತ್ತಲಿಲ್ಲ; ತಡೆ ತೆಗೆದಾಗ ಮಾತ್ರ ಹೆಚ್ಚು ಇದ್ದ ಕಡೆಗೇ ನಡೆಯಿತು. ಯಾವುದು ಒಳ್ಳೆಯದೆಂಬ ತಿಳಿವಳಿಕೆ ಹಾಗೆಯೇ ಇತ್ತು. ಶ್ರಮಕ್ಕೆ ಒಪ್ಪುವ ಮನಸ್ಸು ಹೋಗಿತ್ತು. ನನ್ನ ಮಟ್ಟಿಗೆ ಸಲಮೋನ್ ಇಲ್ಲಿ ಬೆರಿಡ್ಜ್‌ಗಿಂತ ಒಂದು ಹೆಜ್ಜೆ ಮುಂದಿದ್ದಾರೆ, ಅವರಷ್ಟು ಪ್ರಸಿದ್ಧರಲ್ಲದಿದ್ದರೂ.

‘ಡೋಪಮೈನ್ ಹೆಚ್ಚಾದರೆ ಹೆಚ್ಚು ತಿನ್ನುತ್ತೇವೆ’ ಎಂಬ ಸರಳ ಸಮೀಕರಣ ಔಷಧಿ ಅಂಗಡಿಯ ಕಟ್ಟೆಯ ಮೇಲೇ ಮುರಿದು ಬೀಳುತ್ತದೆ. ಆಂಫೆಟಮೈನ್ ಡೋಪಮೈನನ್ನು ಏರಿಸುತ್ತದೆ, ಹಸಿವನ್ನು ಕೊಲ್ಲುತ್ತದೆ. ಒಂದು ಕಾಲಕ್ಕೆ ತೂಕ ಇಳಿಸುವ ಗುಳಿಗೆಯಾಗಿಯೇ ಅದು ಮಾರಾಟವಾಗಿತ್ತು. ಡೋಪಮೈನ್ ಪೂರ್ತಿ ಇಲ್ಲದ ಪಾಮಿಟರ್ ಚಿಟ್ಟಿಲಿಯೂ ತಿನ್ನುವುದಿಲ್ಲ. ಎಷ್ಟು ಎಂಬ ಒಂದೇ ಪ್ರಶ್ನೆ ಹಿಡಿದು ಹೊರಟವರಿಗೆ ಇವೆರಡೂ ಒಟ್ಟಿಗೆ ಅರ್ಥವಾಗುವುದಿಲ್ಲ. ಎಲ್ಲಿ, ಯಾವಾಗ, ಯಾವುದರ ಬೆನ್ನಿಗೆ ಎಂದು ಕೇಳಬೇಕು. ವ್ಯಾಂಕೂವರ್‌ನ ಆನ್ ಮತ್ತು ಫಿಲಿಪ್ಸ್ 1999ರಲ್ಲಿ ಮಾಡಿದ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಇಲಿ ಒಂದು ತಿನಿಸನ್ನು ಸಾಕೆನ್ನುವಷ್ಟು ತಿಂದ ಮೇಲೆ ಅದನ್ನೇ ಮತ್ತೆ ಇಟ್ಟರೆ ಡೋಪಮೈನ್ ಹೆಚ್ಚೇನೂ ಅಲುಗುವುದಿಲ್ಲ. ಬೇರೆ ತಿನಿಸು ಇಟ್ಟರೆ ಮತ್ತೆ ಏರುತ್ತದೆ, ಇಲಿ ಮತ್ತೆ ತಿನ್ನುತ್ತದೆ. ಸಾರು, ಹುಳಿ ಮುಗಿದು ‘ಸಾಕಪ್ಪ’ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದವರು ಹೋಳಿಗೆಯ ತಟ್ಟೆ ಪಂಕ್ತಿಗೆ ಬಂದಾಗ ಆ ಕೈ ತೆಗೆಯುವುದನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಮನುಷ್ಯರ ವಿಷಯಕ್ಕೆ ಬಂದಾಗ ಪುರಾವೆ ತೆಳುವಾಗುತ್ತದೆ, ದನಿ ಮಾತ್ರ ಏರುತ್ತದೆ. 2001ರಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯದ ವಾಂಗ್, ವೋಲ್ಕೋವ್ ಮತ್ತಿತರರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ತೀವ್ರ ಬೊಜ್ಜಿರುವವರ ಮಿದುಳಿನಲ್ಲಿ ಡೋಪಮೈನ್ ಗ್ರಾಹಕಗಳು ಕಡಿಮೆ ಕಂಡವು. ಸುಖ ಸಾಲದೆ ಅವರು ಹೆಚ್ಚು ತಿನ್ನುತ್ತಿರಬಹುದು ಎಂಬುದು ಸೂಚನೆ. ಅಧ್ಯಯನದಲ್ಲಿದ್ದ ಬೊಜ್ಜಿನವರು 10 ಮಂದಿ. ಆಮೇಲಿನ ಅಧ್ಯಯನಗಳು ಒಂದೊಂದು ಒಂದೊಂದು ಹೇಳಿವೆ. ಆದರೂ ‘ಸಿಹಿಯೂ ಒಂದು ಮಾದಕದ್ರವ್ಯ’ ಎಂಬ ಮಾತು ಇಂಥ ಬುನಾದಿಯ ಮೇಲೆ ಎದ್ದು ನಿಂತಿತು. ಗಮನಿಸಿ, ಇದು ವೈಸ್ ಬಿಟ್ಟುಹೋದ ಅಂಗಿಯೇ, ಇನ್ನೊಬ್ಬರು ತೊಟ್ಟಿದ್ದಾರೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಅವರ ತಂಡದ ಎರಡು ಕೆಲಸಗಳು ಈ ಮಾತನ್ನು ತೂಗಿ ನೋಡಿದವು. 2019ರಲ್ಲಿ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿ, ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಮನೆಯಡುಗೆಯಂಥ ಆಹಾರ ಕೊಟ್ಟರು. ಸಿದ್ಧ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡೂ ಊಟ ಹೆಚ್ಚುಕಡಿಮೆ ಒಂದೇ ಸಮ ಹಿಡಿಸಿತು ಎಂದೂ ಅವರೇ ಹೇಳಿದರು. ರುಚಿ ಹೆಚ್ಚದೆ ತಿನ್ನುವುದು ಹೆಚ್ಚಿತು: ಬೆರಿಡ್ಜ್ ಸಂತೋಷಪಡಬೇಕಾದ ಫಲಿತಾಂಶ. 2025ರಲ್ಲಿ ವ್ಯಾಲೆರಿ ಡಾರ್ಸಿ ಮುಂದಾಳತ್ವದಲ್ಲಿ 50 ಮಂದಿಗೆ ಕೊಬ್ಬು, ಸಕ್ಕರೆ ತುಂಬಿದ ಮಿಲ್ಕ್‌ಶೇಕ್ ಕುಡಿಸಿ ಮಿದುಳಿನ ಚಿತ್ರ ತೆಗೆದರು. ಡೋಪಮೈನಿನಲ್ಲಿ ಗಣನೀಯ ಏರಿಕೆ ಸಿಗಲಿಲ್ಲ. ಒಬ್ಬೊಬ್ಬರದು ಒಂದೊಂದು ರೀತಿ. ಮೈಯ ಕೊಬ್ಬಿಗೂ ಅದಕ್ಕೂ ನಂಟು ಕಾಣಲಿಲ್ಲ. ಇಂಥ ಚಿತ್ರ ಸಣ್ಣ, ಕ್ಷಣಿಕ ಏರಿಳಿತಗಳನ್ನು ಹಿಡಿಯಲಾರದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಮಾದಕದ್ರವ್ಯಗಳು ಎಬ್ಬಿಸುವ ದೊಡ್ಡ ಏರಿಕೆಯನ್ನು ಹಿಡಿದದ್ದೂ ಇದೇ ಬಗೆಯ ಚಿತ್ರ. ಸಿಹಿ ಕೂಡ ಹಾಗೆಯೇ ಎಂದು ಸಾರಿದವರು ಈಗ ಉತ್ತರ ಕೊಡಬೇಕು.

ಸುಖಗಳನ್ನು ಕೆಲಕಾಲ ಬಿಟ್ಟಿರುವ ‘ಡೋಪಮೈನ್ ಉಪವಾಸ’ದ ಬಗ್ಗೆ ಎರಡೇ ಮಾತು. 2019ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಜನಪ್ರಿಯಗೊಳಿಸಿದ ಮನಶ್ಶಾಸ್ತ್ರಜ್ಞ ಕ್ಯಾಮರಾನ್ ಸೆಪಾ ಅವರೇ ಡೋಪಮೈನ್ ಇಳಿಸುವುದು ಇದರ ಉದ್ದೇಶವಲ್ಲ ಎಂದು ಸ್ಪಷ್ಟಪಡಿಸಿದ್ದರು. ಅನ್ನ ಬಿಟ್ಟು ಕೂತರೆ ಡೋಪಮೈನ್ ಖಾಲಿಯಾಗಿ ಮತ್ತೆ ತುಂಬಿಕೊಳ್ಳುವ ಟ್ಯಾಂಕು ಮಿದುಳಿನಲ್ಲಿ ಇಲ್ಲ. ಮನೋವೈದ್ಯೆ ಆನಾ ಲೆಂಬ್ಕೆ ಅವರ 2021ರ ಪುಸ್ತಕ ‘ಡೋಪಮೈನ್ ನೇಷನ್’ ಇದಕ್ಕಿಂತ ಎಷ್ಟೋ ಮೇಲು. ಅದರಲ್ಲಿನ ರೋಗಿಗಳ ಕಥನಗಳು ಪ್ರಾಮಾಣಿಕವಾಗಿವೆ. ಆದರೆ ಸುಖ-ದುಃಖದ ತಕ್ಕಡಿಯನ್ನು ಪುಸ್ತಕದ ನಡುವೆ ನೇತುಹಾಕಿ ಅವರು ಡೋಪಮೈನನ್ನು ಮತ್ತೆ ಸುಖದ ತಟ್ಟೆಗೇ ಹಾಕಿಬಿಡುತ್ತಾರೆ. ಓದುಗನಿಗೆ ಉಳಿಯುವುದು ಆ ಚಿತ್ರ ಮಾತ್ರ.

ನಮ್ಮ ನಗರಗಳಿಗೆ ಬೇಕಾದ ಒಳನೋಟ ಸಲಮೋನ್ ಅವರ ಆ ತಡೆಯಲ್ಲಿದೆ. ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದಕ್ಕೆ ಐಸ್‌ಕ್ರೀಮ್ ಬೇಕೆನಿಸಿದರೆ ಹಿಂದೆ ಚಪ್ಪಲಿ ಮೆಟ್ಟಿ, ಗೇಟು ತೆಗೆದು, ತೆರೆದಿರುವ ಅಂಗಡಿ ಹುಡುಕಬೇಕಿತ್ತು. ಅಷ್ಟರಲ್ಲಿ ಮನಸ್ಸು ಬದಲಾಗುತ್ತಿತ್ತು. ಈಗ ಕೆಲವೇ ನಿಮಿಷಗಳಲ್ಲಿ ಬಾಗಿಲಿಗೆ ತಲುಪಿಸುವ ಆ್ಯಪ್‌ಗಳು ತಡೆಯನ್ನೇ ಕಿತ್ತೆಸೆದಿವೆ, ಮೇಲೆ ತಿನಿಸಿನ ಫೋಟೊ ಕಳಿಸಿ ಆಸೆಯನ್ನೂ ತಾವೇ ಎಬ್ಬಿಸುತ್ತವೆ. ಸಕ್ಕರೆಯನ್ನು ಶತ್ರುವೆಂದು ಬೈಯುವ ವೀಡಿಯೊಗಳು ಈ ಏರ್ಪಾಟನ್ನು ಮುಟ್ಟುವುದೂ ಇಲ್ಲ.

ಬೆರಿಡ್ಜ್ ಪರವಾಗಿ ಮನುಷ್ಯರಲ್ಲಿ ಸಿಕ್ಕ ಅತಿ ಬಲವಾದ ಸಾಕ್ಷಿ ಪಾರ್ಕಿನ್ಸನ್ ಚಿಕಿತ್ಸೆಯಿಂದ ಬಂದಿದೆ. ಈ ಕಾಯಿಲೆಯಲ್ಲಿ ಡೋಪಮೈನ್ ನರಕೋಶಗಳು ಸಾಯುತ್ತವೆ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮೊದಲಾದ ಮಾತ್ರೆಗಳು ಡೋಪಮೈನಿನ ಕೆಲಸವನ್ನು ತಾವು ಮಾಡುತ್ತವೆ. ಕೈನಡುಕ, ಬಿಗಿತ ಸುಧಾರಿಸಿದ ಕೆಲವರಲ್ಲಿ ಜೂಜು, ಖರೀದಿ, ಮಿತಿಯಿಲ್ಲದ ತಿನ್ನಾಟ ಶುರುವಾಗುತ್ತದೆ. ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 4.3ರಷ್ಟು ಜನರಲ್ಲಿ ಈ ತಿನ್ನಾಟ ಕಂಡಿತ್ತು. ಮಾತ್ರೆ ತಗ್ಗಿಸಿದರೆ ಅದು ಸಾಮಾನ್ಯವಾಗಿ ತಗ್ಗುತ್ತದೆ. ರೋಗಿಗಳು ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ, ಮನೆಯವರು ವಯಸ್ಸಾದವರ ಬಾಯಿಚಪಲವೆಂದು ತಳ್ಳಿಹಾಕುತ್ತಾರೆ. ವೈದ್ಯರು ತಾವಾಗಿ ಕೇಳಬೇಕು, ಅದೂ ಮನೆಯವರನ್ನು ಕೂರಿಸಿಕೊಂಡು. ಎಷ್ಟು ತಿನ್ನುತ್ತಾರೆ ಎಂದಷ್ಟೇ ಅಲ್ಲ, ತಿಂದದ್ದು ಮೊದಲಿಗಿಂತ ಹೆಚ್ಚು ರುಚಿಸುತ್ತಿದೆಯೇ ಎಂದು ಕೂಡ.