ನರಸಿಂಹರಾಜು ಅವರ ನಗೆ ಮತ್ತು ನಮ್ಮ ಸೀಮೆಯ ಅಭಿಮಾನ

ತಿಪಟೂರಿನಲ್ಲಿ ಹುಟ್ಟಿ, ಎಳವೆಯಲ್ಲಿಯೇ ನಾಟಕ ಕಂಪನಿಗಳ ರಂಗವನ್ನೇರಿ, 1954ರ ‘ಬೇಡರ ಕಣ್ಣಪ್ಪ’ದ ಮೂಲಕ ಬೆಳ್ಳಿತೆರೆಗೆ ಬಂದ ನರಸಿಂಹರಾಜು ಅವರನ್ನು ಕಿಬ್ಬನಹಳ್ಳಿಯ ಸುತ್ತಿನ ತೆಂಗಿನ ಸೀಮೆಯ ಜನ ಇಂದಿಗೂ ‘ನಮ್ಮೋರು’ ಎಂದೇ ಎಣಿಸುತ್ತಾರೆ. ಅವರ ಕೃಶಕಾಯ, ಉಬ್ಬುಹಲ್ಲು, ಮಾತಿನ ಓಟ ಇವುಗಳನ್ನು ಒಂದೊಂದಾಗಿ ನೆನೆದು ನಗುವ ಈ ಅಭಿಮಾನ ನಿರ್ಮಲವಾದುದು. ಆದರೆ ಅದು ನಟನನ್ನು ಚಿತ್ರದಿಂದ ಬೇರ್ಪಡಿಸಿ, ಹಾಸ್ಯದ ತುಣುಕುಗಳನ್ನು ಮಾತ್ರವೇ ಕಾಪಿಟ್ಟುಕೊಂಡಿದೆಯೆಂಬುದು ನನ್ನ ಆಕ್ಷೇಪ.

ಇದಕ್ಕೆ ಪ್ರೇಕ್ಷಕನೊಬ್ಬನೇ ಹೊಣೆಯಲ್ಲ. ಕಥೆಗೆ ಸಂಬಂಧವೇ ಇಲ್ಲದ ಹಾಸ್ಯಪ್ರಸಂಗಗಳನ್ನು ನಡುನಡುವೆ ತುರುಕುವ ನಮ್ಮ ಚಿತ್ರಗಳ ದುರಭ್ಯಾಸವು ಆ ಮಹಾನಟನ ಶಕ್ತಿಯನ್ನು ಎಷ್ಟೋ ಸಲ ವ್ಯರ್ಥಗೊಳಿಸಿತು. ಆದರೆ ಅವರ ಶ್ರೇಷ್ಠ ಪಾತ್ರಗಳು ಹಾಗೆ ಕತ್ತರಿಸಿ ತೆಗೆಯಲು ಬರುವಂಥವಲ್ಲ. ‘ಬೇಡರ ಕಣ್ಣಪ್ಪ’ದಲ್ಲಿ ಅರ್ಚಕನ ಮಗನಾದ ಕಾಶಿಯನ್ನೇ ನೋಡಿ: ಮುಗ್ಧನಾದ ಬೇಡ ದಿಣ್ಣನ ಭಕ್ತಿಯ ಎದುರಿನಲ್ಲಿ ಗುಡಿಯೊಳಗಣ ಕಪಟವು ನಗೆಪಾಟಲಾಗುವುದು ಕಾಶಿಯಿಂದ, ಆದರೂ ಅವನ ಮೇಲೆ ನಮಗೆ ದ್ವೇಷ ಹುಟ್ಟುವುದಿಲ್ಲ.

ಇನ್ನೂ ದೊಡ್ಡದು, ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ 1965ರ ‘ಸತ್ಯ ಹರಿಶ್ಚಂದ್ರ’ದ ನಕ್ಷತ್ರಿಕ. ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ, ಅದು ಉಂಡೆ ಕೊಬ್ಬರಿಯಾಗುವವರೆಗೆ ವರ್ಷದ ಹತ್ತಿರ ಕಾದು, ತಿಪಟೂರಿನ ಮಾರುಕಟ್ಟೆಯಲ್ಲಿ ಮಾರಿದ ಮೇಲೆಯೇ ಸಾಲ ತೀರಿಸುವ ಒಕ್ಕಲಿಗೆ, ಬಾಗಿಲಿಗೆ ಬಂದು ನಿಲ್ಲುವ ಸಾಲ ವಸೂಲಿಗಾರನ ಮುಖ ಬಲು ಪರಿಚಿತ. ಆದುದರಿಂದಲೇ ಏನೋ, ನಮ್ಮ ಕಡೆ ಈ ಪಾತ್ರಕ್ಕೆ ಸಲ್ಲುವ ಮನ್ನಣೆ ಬೇರೆ. ರಾಜ್ಯವನ್ನು ತೊರೆದು, ಮಡದಿ ಮಗನೊಡನೆ ನಡೆಯುತ್ತಿರುವ ರಾಜನನ್ನು ಸಾಲ ವಸೂಲಿಗೆಂದು ದಾರಿಯುದ್ದಕ್ಕೂ ಪೀಡಿಸುವ ಆ ವಟುವಿನ ಚೇಷ್ಟೆಗೆ ನಾವು ನಗುತ್ತೇವೆ. ನಗುತ್ತಿರುವಾಗಲೇ ರಾಜಕುಮಾರರ ಹರಿಶ್ಚಂದ್ರನ ಮೌನವು ನಮ್ಮನ್ನು ಇರಿಯುತ್ತದೆ. ಆ ನಗೆಯಿಲ್ಲದಿದ್ದರೆ ಈ ಕರುಣೆ ಅಷ್ಟು ತೀಕ್ಷ್ಣವಾಗುತ್ತಿರಲಿಲ್ಲ. ಎದುರು ನಿಂತ ನಟನ ದುಃಖವನ್ನು ಹಾಳುಗೆಡವದೆ, ಅದನ್ನು ಇಮ್ಮಡಿಸುವಷ್ಟು ಮಾತ್ರವೇ ನಗಿಸುವ ಈ ಸಂಯಮವನ್ನು ಕಲಿಸಿದ್ದು ಕಂಪನಿ ನಾಟಕದ ಗರಡಿಯೆಂದೇ ನನ್ನ ನಂಬಿಕೆ. ಅಭಿಮಾನಿಗಳು ಇವರನ್ನು ಚಾಪ್ಲಿನ್ನನಿಗೆ ಹೋಲಿಸುವುದು ಪ್ರೀತಿಯಿಂದಲೇ ಆದರೂ, ಮೂಕಚಿತ್ರದ ಆ ಕಲಾವಿದನ ಅಳತೆಗೋಲು ಇಲ್ಲಿ ಹೊಂದುವುದಿಲ್ಲ. ನರಸಿಂಹರಾಜು ಅವರ ಪ್ರಾಣವಿರುವುದು ಕನ್ನಡದ ನುಡಿಯಲ್ಲಿ, ಅದರ ಏರಿಳಿತದಲ್ಲಿ, ಎದುರಾಳಿಯ ಮಾತಿಗೆ ಕ್ಷಣಮಾತ್ರ ಕಾದು ಕೊಡುವ ಉತ್ತರದಲ್ಲಿ. ಪಕ್ಕದ ಅರಸೀಕೆರೆಯ ನಟ ಬಾಲಕೃಷ್ಣರೊಡನೆ ಅವರು ಕಾಣಿಸಿಕೊಂಡ ದೃಶ್ಯಗಳಲ್ಲಿ ಈ ಗುಣ ಎದ್ದು ಕಾಣುತ್ತದೆ.

1967ರ ‘ನಕ್ಕರೆ ಅದೇ ಸ್ವರ್ಗ’ದಲ್ಲಿ ಅವರಿಗೆ ಪ್ರಧಾನ ಪಾತ್ರವೂ ದೊರೆಯಿತು. 1974ರಲ್ಲಿ ತಾವೇ ನಿರ್ಮಾಪಕರಾಗಿ ‘ಪ್ರೊಫೆಸರ್ ಹುಚ್ಚೂರಾಯ’ವನ್ನು ತೆರೆಗೆ ತಂದುದು, ಇತರರು ಹಾಕಿಕೊಟ್ಟ ಚೌಕಟ್ಟಿನಾಚೆಗೆ ಚಾಚುವ ಅವರ ಹಂಬಲದ ಗುರುತೆಂದು ನಾನು ಭಾವಿಸುತ್ತೇನೆ; ಅದಾದ ಐದು ವರ್ಷಗಳಲ್ಲಿಯೇ ಅವರು ತೀರಿಕೊಂಡರು.

ಅಭಿಮಾನಿಗಳ ಮಾತುಕತೆಯಲ್ಲಿ ತೀರ ವಿರಳವಾಗಿ ಕೇಳಿಬರುವ ಸಂಗತಿ ಇನ್ನೊಂದುಂಟು. ಕನ್ನಡ ಚಿತ್ರಗಳೇ ಅಪರೂಪವಾಗಿದ್ದ ಕಾಲದಲ್ಲಿ ರಾಜಕುಮಾರ್, ಬಾಲಕೃಷ್ಣ, ಜಿ. ವಿ. ಅಯ್ಯರ್ ಇವರೊಡಗೂಡಿ ನರಸಿಂಹರಾಜು ಅವರು ಕಲಾವಿದರ ಸಂಘವನ್ನು ಕಟ್ಟಿ, ಊರೂರು ತಿರುಗಿ ನಾಟಕವಾಡಿದರು. 1960ರಲ್ಲಿ ಬಂದ ‘ರಣಧೀರ ಕಂಠೀರವ’ ಆ ನಾಲ್ವರ ಸಾಹಸದ ಫಲ. ನಮ್ಮ ಊರಿನವರೆಂದು ಎದೆಯುಬ್ಬಿಸುವಾಗ, ಕಾಶಿ ಮತ್ತು ನಕ್ಷತ್ರಿಕರ ಜೊತೆಗೆ ಈ ದುಡಿಮೆಯನ್ನೂ ನಾವು ಎತ್ತಿ ಹೇಳಬೇಕು.